ಹೀಟರ್ ಬಿಸಿ ಮೊದಲು ಗಾಜಿಗೆ, ಆಮೇಲೆ ಕೈಗೆ

ಜನವರಿ ಬಂತೆಂದರೆ ಅಮೆರಿಕದ ಮಿನೆಸೋಟಾದಲ್ಲಿ ಸೊನ್ನೆ ಡಿಗ್ರಿ ಫ್ಯಾರನ್‌ಹೀಟ್ (ಸುಮಾರು ಮೈನಸ್ 18 ಸೆಲ್ಸಿಯಸ್) ಯಾರಿಗೂ ಸುದ್ದಿಯಲ್ಲ. ಮೊದಲ ಚಳಿಗಾಲಕ್ಕೆ ಕಾರು ಹೊರತೆಗೆಯುವ ಹೊಸ ಸದಸ್ಯರಿಗಾಗಿ ಈ ಸಲದ ಅಂಕಣ.

ಬೆಂಗಳೂರಿನಲ್ಲಿ ಕಾರು ಓಡಿಸಿ ಬಂದವರ ಬೆರಳು ತಾನಾಗಿಯೇ ಹೋಗುವುದು ರೀಸರ್ಕ್ಯುಲೇಶನ್ ಗುಂಡಿಗೆ, ಅಂದರೆ ಒಳಗಿನ ಗಾಳಿಯನ್ನೇ ಮತ್ತೆ ಸುತ್ತಿಸುವ, ಕಾರಿನ ಚಿತ್ರದೊಳಗೆ ಬಾಗಿದ ಬಾಣವಿರುವ ಗುಂಡಿಗೆ. ಸಿಲ್ಕ್ ಬೋರ್ಡಿನ ಹೊಗೆ ಒಳಗೆ ಬರದಿರಲು ಅಲ್ಲಿ ಅದು ಬೇಕೇ ಬೇಕು. ಇಲ್ಲಿ ಅದೇ ಅಭ್ಯಾಸ ಗಾಜು ಮಬ್ಬಾಗಿಸುತ್ತದೆ. ನಾಲ್ಕು ಜನರ ಉಸಿರು, ಬೂಟಿಗಂಟಿದ ಹಿಮ ಕರಗಿ ಮ್ಯಾಟಿನ ಮೇಲೆ ನಿಂತ ನೀರು, ಎಲ್ಲದರ ತೇವವೂ ಒಳಗೇ ಸುತ್ತಿ ತಣ್ಣನೆಯ ಗಾಜಿಗೆ ಹತ್ತುತ್ತದೆ. ಹೊರಗಿನ ಗಾಳಿ ಎಷ್ಟೇ ಕೊರೆದರೂ ಅದರಲ್ಲಿ ತೇವ ಕಡಿಮೆ. ಅದನ್ನೇ ಒಳಗೆಳೆದು, ಬಿಸಿ ಮಾಡಿ ಗಾಜಿಗೆ ಬಿಡಬೇಕು. ಹತ್ತುವ ಮುನ್ನ ಬೂಟು ಕೊಡವಿದರೆ ಅರ್ಧ ಕೆಲಸ ಮುಗಿದಂತೆ.

ಹೊರಡುವ ಮೊದಲು ವೈಪರ್ ಬುಡದ ಜಾಲರಿಯ ಮೇಲಿನ ಹಿಮ ತೆಗೆಯಿರಿ. ಹೀಟರಿಗೆ ಗಾಳಿ ಹೋಗುವುದು ಅಲ್ಲಿಂದಲೇ. ಸೈಲೆನ್ಸರ್ ಕೊಳವೆಯ ಬಾಯಿ ತೆರೆದಿದೆಯೇ ನೋಡಿ. ಅದು ಹಿಮದಲ್ಲಿ ಮುಚ್ಚಿಹೋದರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಒಳಗೆ ನುಗ್ಗಬಹುದು. ಬಾಗಿಲು ತೆರೆದಿದ್ದರೂ ಗ್ಯಾರೇಜಿನೊಳಗೆ ಎಂಜಿನ್ ಬಿಸಿಮಾಡಬೇಡಿ, ಕಾರನ್ನು ಹೊರಗೆ ತನ್ನಿ. ಗಾಜಿಗೆ ಗಾಳಿ ಬಿಡುವ ಡೀಫ್ರಾಸ್ಟ್ ಹಾಕಿ, ಬಿಸಿ ಪೂರ್ತಿ ತಿರುಗಿಸಿ, ಎ.ಸಿ. ಗುಂಡಿಯನ್ನೂ ಒತ್ತಿ. ಚಳಿಯಲ್ಲಿ ಎ.ಸಿ.ಯೇ ಎನ್ನಬೇಡಿ, ಗಾಳಿಯ ತೇವ ಇಳಿಸುವುದು ಅದೇ. ತೀರಾ ಚಳಿಯಿದ್ದರೆ ಕಂಪ್ರೆಸರ್ ತಾನೇ ಸುಮ್ಮನಿರುತ್ತದೆ. ಮಂಜುಗಡ್ಡೆಯನ್ನು ಸ್ಕ್ರೇಪರ್‌ನಿಂದಲೇ ಕೆರೆಯಿರಿ. ಬಿಸಿನೀರು ಸುರಿದರೆ ಗಾಜು ಸೀಳಬಹುದು.

ಕಾಲು ಗಂಟೆ ನಿಂತಲ್ಲೇ ಎಂಜಿನ್ ಓಡಿಸುವುದು ಪೆಟ್ರೋಲಿಗೆ ದಂಡ. ಹೀಟರಿನ ಬಿಸಿ ಬರುವುದು ಎಂಜಿನ್ ಸುತ್ತ ಹರಿದು ಅದನ್ನು ತಂಪಾಗಿಡುವ ದ್ರವವಾದ ಕೂಲಂಟಿನಿಂದ, ನಿಂತ ಕಾರಿನ ಎಂಜಿನ್ ಆ ದ್ರವವನ್ನು ನಿಧಾನಕ್ಕೆ ಕಾಯಿಸುತ್ತದೆ. ಗಾಜು ಪೂರ್ತಿ ಕಾಣುವಂತಾದ ಮೇಲೆ ಮೆಲ್ಲಗೆ ಹೊರಡಿ, ಮೊದಲ ಐದಾರು ನಿಮಿಷ ಜೋರಾಗಿ ಒತ್ತಬೇಡಿ.

ಇಷ್ಟಾದರೂ ತಣ್ಣನೆ ಗಾಳಿಯೇ ಬಂದರೆ? ಎಂಜಿನ್ ತಣ್ಣಗಾದಾಗ ಕೂಲಂಟ್ ಮಟ್ಟ ನೋಡಿ. ಬಿಸಿಯಿದ್ದಾಗ ಮುಚ್ಚಳ ತೆಗೆಯಲೇಬೇಡಿ. ಊರಿನಲ್ಲಿ ಮಾಡುವಂತೆ ಬರೀ ನೀರು ತುಂಬಿಸಿದರೆ ಅದು ಹೆಪ್ಪುಗಟ್ಟಿ ಎಂಜಿನ್ ಬ್ಲಾಕನ್ನೇ ಒಡೆಯಬಹುದು. ಆಂಟಿಫ್ರೀಜ್ (ನೀರು ಹೆಪ್ಪುಗಟ್ಟದಂತೆ ತಡೆಯುವ ದ್ರವ) ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧರ್ಧ ಬೆರೆಸಿದ್ದು ಸುಮಾರು ಮೈನಸ್ 34 ಫ್ಯಾರನ್‌ಹೀಟ್‌ವರೆಗೆ ತಡೆಯುತ್ತದೆ. ಹೆಚ್ಚು ಹಾಕಿದರೆ ಒಳ್ಳೆಯದೆಂದು ಬರೀ ಆಂಟಿಫ್ರೀಜ್ ಸುರಿಯುವುದೂ ತಪ್ಪು, ನೀರಿಲ್ಲದ ಆಂಟಿಫ್ರೀಜ್ ಇದಕ್ಕಿಂತ ಬಹಳ ಮೊದಲೇ ಗಟ್ಟಿಯಾಗುತ್ತದೆ. ಹೈವೇಯಲ್ಲಿ ಟೆಂಪರೇಚರ್ ಮುಳ್ಳು ಕೆಳಗಿಳಿದು ಬಿಸಿಯೂ ಇಳಿದರೆ ಕೂಲಂಟಿನ ಹರಿವನ್ನು ಹತೋಟಿಯಲ್ಲಿಡುವ ಕವಾಟ, ಅಂದರೆ ಥರ್ಮೋಸ್ಟಾಟ್, ತೆರೆದೇ ಸಿಕ್ಕಿಕೊಂಡಿರಬಹುದು. ದೊಡ್ಡ ಖರ್ಚಿನ ರಿಪೇರಿಯಲ್ಲ. ಡ್ಯಾಶ್‌ಬೋರ್ಡಿನ ಹಿಂದೆ ಟಿಕ್ ಟಿಕ್ ಸದ್ದಾಗುತ್ತಾ ಒಂದು ಬದಿಗೆ ಬಿಸಿ, ಇನ್ನೊಂದಕ್ಕೆ ತಣ್ಣಗೆ ಬಂದರೆ ಬಿಸಿ-ತಣ್ಣನೆ ಗಾಳಿ ಬೆರೆಸುವ ಬ್ಲೆಂಡ್ ಡೋರ್ ಎಂಬ ಕದವನ್ನು ತಿರುಗಿಸುವ ಪುಟ್ಟ ಮೋಟಾರಿನ ಮೇಲೆ ಅನುಮಾನ ಪಡಿ. ಫ್ಯಾನ್ ಕೊನೆಯ ಸ್ಪೀಡಿನಲ್ಲಿ ಮಾತ್ರ ತಿರುಗಿದರೆ ಅದರ ವೇಗ ಇಳಿಸುವ ರೆಸಿಸ್ಟರ್ ಹೋಗಿರುವ ಸಾಧ್ಯತೆಯೇ ಹೆಚ್ಚು. ಸಿಹಿ ವಾಸನೆ ಬಂದು, ಒರೆಸಿದರೂ ಹೋಗದ ಜಿಡ್ಡು ಗಾಜಿನ ಒಳಬದಿಗೆ ಹತ್ತಿದರೆ ಹೀಟರ್ ಕೋರ್, ಅಂದರೆ ಕೂಲಂಟಿನ ಬಿಸಿಯನ್ನು ಗಾಳಿಗೆ ದಾಟಿಸುವ ಪುಟ್ಟ ರೇಡಿಯೇಟರ್, ಸೋರುತ್ತಿದೆ. ಅದನ್ನು ಮುಂದೂಡಬೇಡಿ, ಬಿಲ್ಲಿಗೂ ಸಿದ್ಧರಾಗಿ: ಎಷ್ಟೋ ಕಾರುಗಳಲ್ಲಿ ಅದಕ್ಕಾಗಿ ಡ್ಯಾಶ್‌ಬೋರ್ಡನ್ನೇ ಬಿಚ್ಚಬೇಕು.

ಎಲೆಕ್ಟ್ರಿಕ್ ಕಾರಿನವರಿಗೆ ಎಂಜಿನ್ ಬಿಸಿಯಿಲ್ಲ, ಎಲ್ಲ ಬ್ಯಾಟರಿಯ ಲೆಕ್ಕ. ಚಾರ್ಜರ್ ಸಿಕ್ಕಿಸಿರುವಾಗಲೇ ಆ್ಯಪ್‌ನಿಂದ ಕಾರು ಬಿಸಿಮಾಡಿಕೊಳ್ಳಿ. ದಾರಿಯಲ್ಲಿ ಸೀಟ್ ಹೀಟರ್ ಹಾಕಿ, ಗಾಳಿಯ ಬಿಸಿ ತುಸು ಇಳಿಸಿ.

ಮಗುವಿದ್ದರೆ ಒಳಗೆ ಮೊದಲೇ ಬೆಚ್ಚಗಿರಲಿ. ದಪ್ಪ ಜಾಕೆಟ್ ಮೇಲೆ ಕಾರ್ ಸೀಟಿನ ಪಟ್ಟಿ ಬಿಗಿದರೆ ಅಪಘಾತದಲ್ಲಿ ಜಾಕೆಟ್ ಅಮುಕಿ ಪಟ್ಟಿ ಸಡಿಲವಾಗುತ್ತದೆ. ಜಾಕೆಟ್ ತೆಗೆದು, ಪಟ್ಟಿ ಬಿಗಿದು, ಮೇಲೆ ಕಂಬಳಿ ಹೊದಿಸಿ.