ನಡೆಯುವ ಕಂಪ್ಯೂಟರನ್ನು ಗುಜರಿಗೆ ಹಾಕುವ ಮೊದಲು

ಸಂಪಾದಕರಿಗೆ ನಮಸ್ಕಾರ.

ನಮ್ಮ ಜಿಲ್ಲೆಯಿಂದ ನಿಮಗೆ ಬರುವ ಪತ್ರಗಳಲ್ಲಿ ಘಟ್ಟದ ರಸ್ತೆ, ಮಂಗನ ಕಾಟ, ಅಡಿಕೆಯ ಎಲೆಚುಕ್ಕೆ ರೋಗ, ಇವೇ ಜಾಸ್ತಿ ಇರಬೇಕು. ಇದು ಕಂಪ್ಯೂಟರ್ ವಿಷಯ. ಕಂಪ್ಯೂಟರ್ ಚೆನ್ನಾಗಿ ಗೊತ್ತಿದ್ದವರಿಗೆ ಬರೆದದ್ದಲ್ಲ. ನನ್ನ ಹಾಗೆ ಒಂದೆರಡು ಹಳೆ ಪೆಟ್ಟಿಗೆ ಇಟ್ಟುಕೊಂಡು ಹೊಟ್ಟೆ ಹೊರೆಯುವವರು ಊರೂರಲ್ಲಿ ಇದ್ದಾರಲ್ಲ, ಅವರಿಗಾಗಿ ಬರೆಯುತ್ತಿದ್ದೇನೆ.

ನಾನು ಶಿರಸಿಯಲ್ಲಿ ಸಣ್ಣ ಡಿಟಿಪಿ ಅಂಗಡಿ ನಡೆಸುತ್ತೇನೆ. ಲಗ್ನಪತ್ರಿಕೆ, ಮುಂಜಿ ಪತ್ರಿಕೆ, ಯಕ್ಷಗಾನದ ಹ್ಯಾಂಡ್‌ಬಿಲ್, ಸೊಸೈಟಿಯ ವಾರ್ಷಿಕ ವರದಿ, ಜೊತೆಗೆ ಝೆರಾಕ್ಸ್. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂದಾಗ ಊಟಕ್ಕೂ ಪುರುಸೊತ್ತಿಲ್ಲ, ಉಳಿದ ದಿನ ಪುರುಸೊತ್ತೇ ಜಾಸ್ತಿ. ಅಂಗಡಿಯಲ್ಲಿ ಮೂರು ಕಂಪ್ಯೂಟರ್ ಇವೆ. ತೀರಾ ಹಳೆಯದರಲ್ಲಿ ವಿಂಡೋಸ್ 7, ಪುಟ ಜೋಡಿಸುವ ಪೇಜ್‌ಮೇಕರ್ ಮತ್ತು ಕನ್ನಡ ಟೈಪ್ ಮಾಡುವ ನುಡಿ. 2016ರಲ್ಲಿ ತೆಗೆದುಕೊಂಡದ್ದು ಒಂದು, 2019ರದ್ದು ಇನ್ನೊಂದು, ಅವೆರಡರಲ್ಲೂ ವಿಂಡೋಸ್ 10.

ಈ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿ 2025ರ ಅಕ್ಟೋಬರ್ 14ಕ್ಕೆ ಕೈ ತೊಳೆದುಕೊಂಡಿತು. ದೊಡ್ಡ ಹಬ್ಬಕ್ಕೆ ಇನ್ನೊಂದು ವಾರ ಇತ್ತು ಅಷ್ಟೇ. ಅದರ ಹಿಂದೆ ಮುಂದೆ ನಮ್ಮ ಪೇಟೆಯಲ್ಲಿ ಕೇಳಿದ ಮಾತು ಒಂದೆರಡಲ್ಲ. ಹಳೆ ಕಂಪ್ಯೂಟರ್ ಬಂದ್ ಆಗುತ್ತದಂತೆ, ಬ್ಯಾಂಕ್ ಖಾತೆಯ ದುಡ್ಡೆಲ್ಲ ಹೋಗುತ್ತದಂತೆ, ಹೊಸದು ತೆಗೆದುಕೊಳ್ಳಲೇಬೇಕಂತೆ. 15ನೇ ತಾರೀಖು ಬೆಳಿಗ್ಗೆ ಬಾಗಿಲು ತೆಗೆದು ಸ್ವಿಚ್ ಹಾಕಿದೆ. ಎಂದಿನಂತೆ ಗುರ್ ಅಂದುಕೊಂಡು ಎದ್ದಿತು. ನಿಂತದ್ದು ಒಂದೇ, ಭದ್ರತೆಯಲ್ಲಿ ಹೊಸ ತೂತು ಕಂಡಾಗ ಕಂಪನಿ ಪುಕ್ಕಟೆ ಕಳಿಸುತ್ತಿದ್ದ ತೇಪೆ.

ಹಾಗಂತ ಅದು ಸಣ್ಣ ವಿಷಯವೂ ಅಲ್ಲ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಅನ್ನುವ ಹಾವಳಿ ಜಗತ್ತೆಲ್ಲ ಹಬ್ಬಿ ಕಂಪ್ಯೂಟರುಗಳೊಳಗಿನ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳಿತ್ತಲ್ಲ, ಆ ತೂತಿಗೆ ತೇಪೆ ಮಾರ್ಚ್‌ನಲ್ಲೇ ಬಂದಿತ್ತು, ಹಾಕಿಕೊಳ್ಳದೆ ಕೂತವರು ಸಿಕ್ಕಿಬಿದ್ದರು. ಹಾಗಾಗಿ "ನಡೀತಾ ಇದ್ದಲಾ, ಸುಮ್ನೆ ಬಿಡು ಮಾರಾಯಾ" ಅನ್ನುವವರ ಮಾತನ್ನು ನಾನು ಪೂರ್ತಿ ಒಪ್ಪುವವನಲ್ಲ.

ಕಂಪ್ಯೂಟರ್ ಮಾರುವವರೊಬ್ಬರನ್ನು ಕರೆಸಿದೆ. ಬಂದರು, ಎರಡು ನಿಮಿಷ ನೋಡಿದರು. "ಮೂರೂ ವಿಂಡೋಸ್ ಹನ್ನೊಂದಕ್ಕೆ ಆಗುವುದಿಲ್ಲ ಸರ್, ಹೊಸದೇ ಹಾಕಿಸಿ, ನಿಮ್ಮ ಫೈಲೆಲ್ಲ ನಾನೇ ಕಾಪಿ ಮಾಡಿ ಕೊಡ್ತೇನೆ" ಅಂದರು. ಲೆಕ್ಕ ಒಂದೂವರೆ ಲಕ್ಷದ ಹತ್ತಿರ ಬಂತು. ಹಬ್ಬ ಮುಗಿಯಲಿ ಅಂತ ಹೇಳಿ ಕಳಿಸಿದೆ. ಅದೊಂದು ನಾನು ಮಾಡಿದ ಬುದ್ಧಿವಂತಿಕೆ, ಉಳಿದದ್ದೆಲ್ಲ ತಾನಾಗಿ ಆದದ್ದು.

ಹಬ್ಬಕ್ಕೆ ತಂಗಿಯ ಮಗ ಬೆಂಗಳೂರಿಂದ ಬಂದಿದ್ದ. ಅಂಗಡಿಗೆ ಬಂದು ಅವನ ಹೊಸ ಲ್ಯಾಪ್‌ಟಾಪ್ ತೆರೆದು, "ನೋಡು ಮಾವಾ, ಇದು ಹನ್ನೊಂದು, ಆ ನಿನ್ನ ಪೆಟ್ಟಿಗೆನ ಮ್ಯೂಸಿಯಮ್ಮಿಗೆ ಕೊಡು" ಅಂತ ತಮಾಷೆ ಮಾಡುತ್ತಿದ್ದ. ಅಷ್ಟೊತ್ತಿಗೆ ಹುಲೇಕಲ್ ಕಡೆಯ ಹಿರಿಯರೊಬ್ಬರು ಬಂದರು. ಮೊಮ್ಮಗನ ಮದುವೆ. ಅದೇ ಮೊಮ್ಮಗನ ಮುಂಜಿ ಪತ್ರಿಕೆ 2006ರಲ್ಲಿ ನನ್ನಲ್ಲೇ ಆಗಿತ್ತು. ಅದರಲ್ಲಿ ಕುಲದೇವರ ಹೆಸರು, ಹಿರಿಯರ ಹೆಸರು ಯಾವ ಸಾಲಿನಲ್ಲಿ ಇತ್ತೋ ಹಾಗೇ ಬರಬೇಕು, ಮನೆಯಲ್ಲಿದ್ದ ಪ್ರತಿಯನ್ನು ಗೆದ್ದಲು ತಿಂದಿದೆ ಅಂದರು. ಹಳೆ ಕಂಪ್ಯೂಟರಿನಿಂದ ಫೈಲನ್ನು ಪೆನ್‌ಡ್ರೈವಿಗೆ ಹಾಕಿ ಅಳಿಯನಿಗೆ ಕೊಟ್ಟೆ, ನಿನ್ನ ಹೊಸದರಲ್ಲೇ ತೆಗೆ ನೋಡೋಣ ಅಂತ.

ತೆಗೆದ. ಮೇಲ್ಗಡೆ 'ಶ್ರೀ' ಇರಬೇಕಾದ ಜಾಗದಲ್ಲಿ ಎತ್ತರಕ್ಕೆ ಹತ್ತಿ ಕೂತ ಸಣ್ಣ 2, ಅದರ ಪಕ್ಕ ಇಂಗ್ಲಿಷಿನ ಎ ಮತ್ತು ಇ ಒಂದಕ್ಕೊಂದು ಅಂಟಿಕೊಂಡ ಅಕ್ಷರ, ಅದರ ಪಕ್ಕ ತಲೆ ಮೇಲೆ ಅಲೆ ಹೊತ್ತ ದೊಡ್ಡ ಎ. ಇಡೀ ಪುಟ ಹೀಗೇ. ಪೌಂಡ್ ಗುರುತು, ಯೆನ್ ಗುರುತು, ಏನೇನೋ. ಹಿರಿಯರು ಕನ್ನಡಕ ಸರಿ ಮಾಡಿಕೊಂಡು ಬಗ್ಗಿ ನೋಡಿ, "ಇದ್ಯಾವ ಭಾಷೆನೋ ತಮಾ?" ಅಂದರು. ಅಳಿಯನಿಗೆ ಉತ್ತರ ಹೊಳೆಯಲಿಲ್ಲ. ನಾನು ಹಳೆ ಪೆಟ್ಟಿಗೆಯಲ್ಲಿ ತೆರೆದು ತೋರಿಸಿದೆ, ಮುಂಜಿ ಪತ್ರಿಕೆ ನಿನ್ನೆ ಟೈಪ್ ಮಾಡಿದ ಹಾಗೆ ಇತ್ತು.

ಡಿಟಿಪಿಯವರಿಗೆ ಇದರ ಕಾರಣ ಗೊತ್ತು, ಗೊತ್ತಿಲ್ಲದವರಿಗೆ ಹೇಳುತ್ತೇನೆ. ಆಗ ನಾವು ನುಡಿಯಲ್ಲಿ ಟೈಪ್ ಮಾಡಿದ್ದು ನಿಜವಾಗಿ ಕನ್ನಡವೇ ಅಲ್ಲ. ಕಂಪ್ಯೂಟರಿನ ಹೊಟ್ಟೆಯಲ್ಲಿ ಕೂತದ್ದು ಇಂಗ್ಲಿಷ್ ಅಕ್ಷರಗಳೂ ಗುರುತುಗಳೂ. ಅವುಗಳ ಮೇಲೆ ನುಡಿ ಫಾಂಟು ಕನ್ನಡದ ಮುಖವಾಡ ಹಾಕುತ್ತಿತ್ತು. ಫಾಂಟು ಇದ್ದಲ್ಲಿ ಕನ್ನಡ, ಇಲ್ಲದಲ್ಲಿ ವೇಷ ಕಳಚಿದ ಬಣ್ಣದ ಚೌಕಿ. ಯುನಿಕೋಡ್, ಅಂದರೆ ಮುಖವಾಡ ಇಲ್ಲದೆ ಕನ್ನಡವನ್ನು ಕನ್ನಡವಾಗಿಯೇ ಇಡುವ ಪದ್ಧತಿ, ಆಗಲೂ ಇತ್ತು, 2001ರ ವಿಂಡೋಸ್ ಎಕ್ಸ್‌ಪಿಯಲ್ಲೇ ತುಂಗಾ ಅನ್ನುವ ಯುನಿಕೋಡ್ ಕನ್ನಡ ಫಾಂಟು ಬಂದಿತ್ತು. ಆದರೆ ನಮ್ಮ ಪೇಜ್‌ಮೇಕರಿಗೆ ಯುನಿಕೋಡ್ ಕನ್ನಡ ಬರುತ್ತಿರಲಿಲ್ಲ, ಪ್ರೆಸ್ಸಿನವರಿಗೆ ಪೇಜ್‌ಮೇಕರೇ ಬೇಕಿತ್ತು. ಹೀಗಾಗಿ ಇಪ್ಪತ್ತು ವರ್ಷದ ಕೆಲಸ ಎಲ್ಲ ಮುಖವಾಡದ ಕನ್ನಡದಲ್ಲೇ ಉಳಿದುಕೊಂಡಿತು.

ಆ ವ್ಯಾಪಾರಿ "ಫೈಲೆಲ್ಲ ಕಾಪಿ ಮಾಡಿ ಕೊಡ್ತೇನೆ" ಅಂದದ್ದು ಸುಳ್ಳಲ್ಲ. ಕಾಪಿ ಮಾಡಿಯೇ ಕೊಡುತ್ತಿದ್ದರು. ಫಾಂಟು ಹೋಗುತ್ತಿತ್ತು, ಪೇಜ್‌ಮೇಕರ್ ಹೋಗುತ್ತಿತ್ತು, ಹಳೆ ಪೆಟ್ಟಿಗೆ ಗುಜರಿಗೆ ಹೋಗುತ್ತಿತ್ತು. ನನಗೆ ಗೊತ್ತಾಗುವುದು ಮುಂದಿನ ಮದುವೆ ಸೀಸನ್ನಿಗೆ.

ಆಮೇಲೆ ಅಳಿಯನೇ ಕೂತು ಒಂದೊಂದನ್ನೇ ನೋಡಿದ. ತಮಾಷೆ ಬಿಟ್ಟು ಗಂಭೀರ ಆಗಿದ್ದ ಪಾಪ.

2019ರದ್ದರಲ್ಲಿ ಪಿಸಿ ಹೆಲ್ತ್ ಚೆಕ್ ಅನ್ನುವ ಮೈಕ್ರೋಸಾಫ್ಟಿನ ಪುಕ್ಕಟೆ ತಂತ್ರಾಂಶ ಹಾಕಿ ನೋಡಿದರೆ, ಟಿಪಿಎಂ 2.0 ಇಲ್ಲ, ಹನ್ನೊಂದು ಆಗುವುದಿಲ್ಲ ಅಂತ ಬಂತು. ಟಿಪಿಎಂ ಅಂದರೆ ಬೀಗದ ಕೈ ಕಾಪಾಡುವ ಒಂದು ಭದ್ರತೆಯ ವ್ಯವಸ್ಥೆ. ಆದರೆ ಈ ಕಂಪ್ಯೂಟರಿನ ಪ್ರೊಸೆಸರ್ ಇಂಟೆಲ್‌ನ ಎಂಟನೇ ತಲೆಮಾರಿನದು, ಅದರೊಳಗೇ ಟಿಪಿಎಂ ಇರುತ್ತದೆ, ಸುಮ್ನೆ ಆಫ್ ಆಗಿರುತ್ತದೆ ಅಂತ ಅಳಿಯ ಹೇಳಿದ. ಬಯೋಸ್‌ಗೆ, ಅಂದರೆ ವಿಂಡೋಸ್ ಏಳುವ ಮೊದಲಿನ ಸೆಟ್ಟಿಂಗಿಗೆ ಹೋಗಿ, ಪಿಟಿಟಿ ಅನ್ನುವುದನ್ನು (ಇಂಟೆಲ್ ಟಿಪಿಎಂಗೆ ಇಟ್ಟ ಹೆಸರು) ಆನ್ ಮಾಡಿದ. ಮತ್ತೆ ನೋಡಿದರೆ ಎಲ್ಲ ಹಸಿರು. ಎರಡು ನಿಮಿಷ ನೋಡಿ 'ಆಗುವುದಿಲ್ಲ' ಅಂದವರು ಇನ್ನೆರಡು ನಿಮಿಷ ಕೊಟ್ಟಿದ್ದರೆ ಅವರಿಗೇ ಗೊತ್ತಾಗುತ್ತಿತ್ತು, ಅಲ್ವಾ? ಒಂದು ಎಚ್ಚರ ಮಾತ್ರ ಹೇಳಬೇಕು. ಡಿಸ್ಕ್ ಹಳೆ ಎಂಬಿಆರ್ ರೀತಿಯದಾಗಿದ್ದರೆ, ಅದನ್ನು ಬದಲಿಸದೆ ಬಯೋಸಿನಲ್ಲಿ ಬೂಟಿನ ರೀತಿ ಬದಲಿಸಿದರೆ ಕಂಪ್ಯೂಟರ್ ಏಳುವುದೇ ಇಲ್ಲ. ಗೊತ್ತಿದ್ದವರನ್ನು ಪಕ್ಕ ಕೂರಿಸಿಕೊಂಡೇ ಕೈ ಹಾಕಿ.

ಹಬ್ಬ ಕಳೆದ ಮೇಲೆ ಅದಕ್ಕೆ ಹನ್ನೊಂದು ಹಾಕಿದೆ. ಮಳೆಗಾಲದಲ್ಲಿ ಈ ಕೆಲಸ ಬೇಡವೇ ಬೇಡ. ನಮ್ಮಲ್ಲಿ ಗಾಳಿ ಬಂದರೆ ಕರೆಂಟ್ ಹೋಗುತ್ತದೆ, ಯುಪಿಎಸ್ ಹದಿನೈದು ನಿಮಿಷಕ್ಕೆ ಕೀಂ ಕೀಂ ಅನ್ನುತ್ತದೆ, ಅರ್ಧದಲ್ಲಿ ನಿಂತರೆ ಯಾರಿಗೆ ಹೇಳುವುದು? ಇದ್ದದ್ದರ ಮೇಲೇ ಅಪ್‌ಗ್ರೇಡ್ ಮಾಡಿದ್ದರಿಂದ ನುಡಿ ಫಾಂಟು, ಫೈಲು, ಪ್ರಿಂಟರ್ ಎಲ್ಲ ಹಾಗೇ ಉಳಿದವು. ಹೊಸ ಕಂಪ್ಯೂಟರಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ಇಷ್ಟವಾಗದಿದ್ದರೆ 10 ದಿನದ ಒಳಗೆ ಸೆಟ್ಟಿಂಗಿಗೆ ಹೋಗಿ ಹಿಂದಿನದಕ್ಕೆ ವಾಪಸ್ ಬರಬಹುದು. ನಾನು ಏಳನೇ ದಿನದವರೆಗೆ ವಾಪಸ್ ಹೋಗುವ ಮನಸ್ಸಲ್ಲೇ ಇದ್ದೆ. ಕೆಳಗಿನ ಪಟ್ಟಿಯ ಗುಂಡಿಗಳನ್ನೆಲ್ಲ ನಡುವೆ ತಂದು ಇಟ್ಟಿದ್ದಾರೆ, ಮೌಸಿನ ಬಲಗುಂಡಿ ಒತ್ತಿದರೆ ಮೊದಲಿನ ಪಟ್ಟಿ ಬಾರದೆ ಇನ್ನೊಂದು ಸಲ ಒತ್ತು ಅನ್ನುತ್ತದೆ. ಇಪ್ಪತ್ತು ವರ್ಷ ಅಭ್ಯಾಸ ಆದ ಕೈ, ಕೇಳಬೇಕಲ್ಲ. ಎಂಟನೇ ದಿನ ಗುಂಡಿಗಳನ್ನು ಎಡಕ್ಕೆ ಸರಿಸುವುದು ಹೇಗೆ ಅಂತ ಸಿಕ್ಕಿತು, ಇರಲಿ ಅಂತ ಬಿಟ್ಟೆ.

2016ರದ್ದು ಆರನೇ ತಲೆಮಾರಿನದು, ಅದಕ್ಕೆ ಬಾಗಿಲು ಮುಚ್ಚಿದೆ. ಅಡ್ಡದಾರಿಯಲ್ಲಿ ಹಾಕಿಸಿಕೊಡುವವರು ಇದ್ದಾರೆ. ಹಾಗೆ ಹಾಕಿದ ಕಂಪ್ಯೂಟರಿಗೆ ಅಪ್‌ಡೇಟ್ ಕೊಡುವ ಖಾತರಿ ಇಲ್ಲ ಅಂತ ಕಂಪನಿಯೇ ಹೇಳಿದೆ. ಅಪ್‌ಡೇಟಿಗಾಗಿಯೇ ಅಲ್ವಾ ಈ ಗೋಳೆಲ್ಲ? ನಾನು ಆ ಕಡೆ ಹೋಗಲಿಲ್ಲ. ಇನ್ನೊಂದು ದಾರಿ ಇದೆ, ಅದನ್ನು ನಮ್ಮ ಪೇಟೆಯಲ್ಲಿ ಯಾರೂ ನನಗೆ ಹೇಳಲಿಲ್ಲ. ವಿಂಡೋಸ್ 10ಕ್ಕೇ ಇನ್ನೊಂದು ವರ್ಷ, 2026ರ ಅಕ್ಟೋಬರ್ 13ರವರೆಗೆ ತೇಪೆ ಸಿಗುತ್ತದೆ, ಇಎಸ್‌ಯು ಅಂತ ಅದರ ಹೆಸರು. ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆಗಿ ಸೆಟ್ಟಿಂಗುಗಳ ಬ್ಯಾಕಪ್ ಆನ್ ಮಾಡಿದರೆ ದುಡ್ಡಿಲ್ಲ, ಬೇಡ ಅನ್ನುವವರಿಗೆ 30 ಡಾಲರ್. ಕಂಪ್ಯೂಟರಿನಲ್ಲಿ 22ಎಚ್2 ಆವೃತ್ತಿ ಇರಬೇಕು. ವಿಂಡೋಸ್ ಅಪ್‌ಡೇಟಿನ ಪುಟದಲ್ಲೇ ನೋಂದಣಿಯ ಲಿಂಕ್ ಬರುತ್ತದೆ, ನಾಲ್ಕು ಸಲ ಒತ್ತಿದರೆ ಮುಗಿಯಿತು. ಇದು ಮನೆಯವರಿಗೆ. ಆಫೀಸಿನ ನೆಟ್‌ವರ್ಕಿಗೆ ಸೇರಿಸಿದ ಕಂಪ್ಯೂಟರುಗಳಿಗೆ ಇದು ಸಿಗುವುದಿಲ್ಲ. ಸಂಸ್ಥೆಗಳ ದರ ಬೇರೆ, ಒಂದು ಕಂಪ್ಯೂಟರಿಗೆ ಮೊದಲ ವರ್ಷ 61 ಡಾಲರ್, ಎರಡನೇ ವರ್ಷ ಅದರ ದುಪ್ಪಟ್ಟು.

2026 ಜಾತ್ರೆಯ ವರ್ಷ. ಜಾತ್ರೆ ಮುಗಿಯುವ ತನಕ ಆ ಕಂಪ್ಯೂಟರನ್ನು ನಾನು ಮುಟ್ಟುವುದಿಲ್ಲ. ಆಮೇಲೆ ಅದಕ್ಕೆ ವಿಂಡೋಸಿನ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕುವ ವಿಚಾರ ಇದೆ. ಅಳಿಯ ಪೆನ್‌ಡ್ರೈವಿನಿಂದಲೇ ಓಡಿಸಿ ತೋರಿಸಿದ, ಕನ್ನಡ ಚೆನ್ನಾಗಿ ಬರುತ್ತದೆ, ನುಡಿಯಲ್ಲಿರುವ ಕೆ.ಪಿ. ರಾವ್ ಅವರ ಕೀಲಿಮಣೆಯೂ ಅದರಲ್ಲಿ ಇದೆ, ನನ್ನ ಬೆರಳಿಗೆ ಬೇರೆ ಅಭ್ಯಾಸ ಬೇಡ. ಪೇಜ್‌ಮೇಕರ್ ಆಗುವುದಿಲ್ಲ ಅನ್ನುವುದೊಂದೇ ತೊಡಕು.

ಇನ್ನು ವಿಂಡೋಸ್ 7ರ ಮುದುಕ. ಅದಕ್ಕೆ 2020ರ ಜನವರಿಯಲ್ಲೇ ಕಂಪನಿ ಎಳ್ಳುನೀರು ಬಿಟ್ಟಿದೆ. ಅವತ್ತೇ ನೆಟ್ ಕೇಬಲ್ ಕಿತ್ತಿದ್ದೆ. ಈಗ ಗಿರಾಕಿಗಳ ಪೆನ್‌ಡ್ರೈವನ್ನೂ ಅದಕ್ಕೆ ಚುಚ್ಚುವುದು ನಿಲ್ಲಿಸಿದ್ದೇನೆ. ಅದರ ಕೆಲಸ ಒಂದೇ, ಹಳೆ ಫೈಲು ತೆರೆದು ಯುನಿಕೋಡಿಗೆ ಬದಲಿಸುವುದು. ನುಡಿಯಲ್ಲೇ ಆ ಸೌಲಭ್ಯ ಇದೆ. ಮಧ್ಯಾಹ್ನ ಪೇಟೆ ಖಾಲಿ ಇರುವಾಗ ದಿನಕ್ಕೆ ಹತ್ತಿಪ್ಪತ್ತು ಫೈಲು ಮಾಡುತ್ತೇನೆ. ಹಾಗೇ ನಂಬಿಬಿಡುವ ಹಾಗಿಲ್ಲ. ಅರ್ಕಾವೊತ್ತು ಬಂದಲ್ಲಿ ಕೆಲವು ಸಲ ಎಡವುತ್ತದೆ, 'ಆಶೀರ್ವಾದ' ಹೋಗಿ 'ಆಶೀವರ್ಾದ' ಆಗಿಬಿಡುತ್ತದೆ. ಲಗ್ನಪತ್ರಿಕೆಯಲ್ಲಿ ಎಲ್ಲ ತಪ್ಪಿದರೂ ನಡೆಯುತ್ತದೆ, ಅದು ತಪ್ಪಿದರೆ ಗಿರಾಕಿ ಮತ್ತೆ ಈ ಕಡೆ ಬರುವುದಿಲ್ಲ.

ಪತ್ರ ಉದ್ದ ಆಯಿತು. ನಿಮ್ಮ ಪತ್ರಿಕೆ ಓದುವ ಸೊಸೈಟಿಯ ಕಾರ್ಯದರ್ಶಿಗಳಲ್ಲಿ, ಮಠ ದೇವಸ್ಥಾನಗಳ ಲೆಕ್ಕ ಬರೆಯುವವರಲ್ಲಿ, ಮೇಳದವರಲ್ಲಿ ನನ್ನದೊಂದು ಕೇಳಿಕೆ. ಹಳೆ ಕಂಪ್ಯೂಟರನ್ನು ಎಕ್ಸ್‌ಚೇಂಜಿಗೆ ಕೊಡುವ ಮೊದಲು ಅದರೊಳಗಿನ ಒಂದು ಕನ್ನಡ ಫೈಲನ್ನು ಬೇರೆ ಯಾರದ್ದಾದರೂ ಹೊಸ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಒಂದೇ ಫೈಲು ಸಾಕು. ಕಾರವಾರ, ಕುಮಟಾ, ಹೊನ್ನಾವರ ಕಡೆಯ ಡಿಟಿಪಿಯವರು ಯಾರಾದರೂ ಪೇಜ್‌ಮೇಕರ್ ಫೈಲುಗಳನ್ನು ಪುಟದ ಜೋಡಣೆ ಕೆಡದ ಹಾಗೆ ಬದಲಿಸುವ ದಾರಿ ಕಂಡುಕೊಂಡಿದ್ದರೆ ಇದೇ ಅಂಕಣದಲ್ಲಿ ಬರೆಯಲಿ, ನನಗೂ ಬೇಕಾಗಿದೆ.

ಹುಲೇಕಲ್ಲಿನವರ ಪತ್ರಿಕೆ ಮೊನ್ನೆ ಪ್ರಿಂಟಾಗಿ ಹೋಯಿತು, ಆರು ನೂರು ಪ್ರತಿ. ಆಶೀರ್ವಾದ ಸರಿ ಇದೆ, ನಾನೇ ಎರಡು ಸಲ ಪ್ರೂಫ್ ನೋಡಿದ್ದೇನೆ.

ಇತಿ,
ಒಬ್ಬ ಡಿಟಿಪಿ ಅಂಗಡಿಯವ, ಶಿರಸಿ