ಹೋಂಸ್ಟೇಗೆ ಮನೆ ವಿಮೆ ಸಾಲದು

ಕೊಡಗು, ಚಿಕ್ಕಮಗಳೂರಿನಲ್ಲಿ ಮನೆಯನ್ನು ಹೋಂಸ್ಟೇ ಮಾಡಿಕೊಂಡವರು ಹಳೆಯ ಮನೆ ವಿಮೆಯನ್ನೇ ಮುಂದುವರಿಸುವುದು ಅಪಾಯಕಾರಿ. 2021ರಲ್ಲಿ ಜಾರಿಗೆ ಬಂದ ‘ಭಾರತ್ ಗೃಹ ರಕ್ಷಾ’ ಪಾಲಿಸಿ ಬೆಂಕಿ, ಪ್ರವಾಹ, ಭೂಕುಸಿತಗಳ ಹಾನಿಯನ್ನು ಭರಿಸುತ್ತದೆ, ನಿಜ. ಆದರೆ ಅದು ವಾಸದ ಮನೆಗೆ ರೂಪಿಸಿದ್ದು. ದಿನಬಾಡಿಗೆಯ ವಿಷಯ ತಿಳಿಸದಿದ್ದರೆ ಪರಿಹಾರದ ವೇಳೆ ತಕರಾರು ಏಳುತ್ತದೆ. ಅತಿಥಿ ಜಾರಿ ಬಿದ್ದು ಪರಿಹಾರ ಕೇಳಿದರೆ ಕಟ್ಟಡದ ವಿಮೆ ನೆರವಿಗೆ ಬಾರದು. ಅದಕ್ಕೆ ಪ್ರತ್ಯೇಕ ಹೊಣೆಗಾರಿಕೆ ವಿಮೆಯೇ ಬೇಕು. ವಿಮಾ ಮೊತ್ತವನ್ನು ನಿವೇಶನದ ಬೆಲೆಯಿಂದಲ್ಲ, ಪುನರ್ನಿರ್ಮಾಣದ ವೆಚ್ಚದಿಂದ ಲೆಕ್ಕ ಹಾಕಬೇಕು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದನ್ನು ಕಂಡ ಮೇಲೂ ಈ ಉದಾಸೀನವೇಕೆ? ಹೋಂಸ್ಟೇ ನೋಂದಣಿ, ನವೀಕರಣದ ಅರ್ಜಿಯೊಂದಿಗೆ ವಾಣಿಜ್ಯ ಬಳಕೆ ನಮೂದಾಗಿರುವ ಪಾಲಿಸಿ ಮತ್ತು ಹೊಣೆಗಾರಿಕೆ ವಿಮೆಯ ಪ್ರತಿಗಳನ್ನು ಪ್ರವಾಸೋದ್ಯಮ ಇಲಾಖೆ ಕಡ್ಡಾಯವಾಗಿ ಪಡೆಯಲಿ.

– ಓದುಗ, ಮಡಿಕೇರಿ