ಮಾನ್ಯ ಸಂಸದರೇ, ನನ್ನ ಫೈಲಿಗೆ ಒಂದು ತಾರೀಖು ಕೊಡಿಸಿ

ಮಾನ್ಯ ಸಂಸದರಿಗೆ ನಮಸ್ಕಾರಗಳು.

ನಾನು ನಿಮ್ಮ ಕ್ಷೇತ್ರದ ಮತದಾರ. ಗ್ಯಾರೇಜ್ ನಡೆಸಿ ಬದುಕುವವನು. ಹದಿನಾಲ್ಕು ತಿಂಗಳ ಹಿಂದೆ ಸೆಸ್ನಾ 172 ಅನ್ನುವ ಒಂದು ಸೆಕೆಂಡ್ ಹ್ಯಾಂಡ್ ಪುಟ್ಟ ವಿಮಾನ ಕೊಂಡೆ. ಅದನ್ನು ನನ್ನ ಹೆಸರಿಗೆ ನೋಂದಾಯಿಸುವ ಫೈಲು ಇನ್ನೂ ಅಲುಗಿಲ್ಲ. 1978ರ ಮಾಡೆಲ್, ನಾಲ್ಕು ಸೀಟು, ಒಂದೇ ಇಂಜಿನ್. ವಿಮಾನ ಅಂದ ಕೂಡಲೇ ಜನ ನನ್ನನ್ನು ಕೋಟ್ಯಧಿಪತಿ ಅಂದುಕೊಳ್ಳುತ್ತಾರೆ. ನೀವು ಹಾಗೆ ಅಂದುಕೊಳ್ಳಬೇಡಿ. ಬೆಂಗಳೂರಿನ ಜಕ್ಕೂರು ಏರೋಡ್ರೋಮಿನ ಬೇಲಿ ಪಕ್ಕ ನಿಂತು ವಿಮಾನ ನೋಡುತ್ತಾ ಬೆಳೆದವನು ನಾನು. ಖಾಸಗಿ ಪೈಲಟ್ ಲೈಸೆನ್ಸಿಗೆ 40 ಗಂಟೆ ಹಾರಬೇಕು. ಆ ದುಡ್ಡು ಹೊಂದಿಸಲು ಆರು ವರ್ಷ ಹಿಡಿಯಿತು. ಅಪ್ಪ ಬಿಟ್ಟುಹೋದ ಸೈಟು ಮಾರಿ ಈ ವಿಮಾನ ಕೊಂಡೆ.

ನಿಯಮ ನಿಮಗೆ ಗೊತ್ತೇ ಇದೆ. ಒಡೆಯ ಬದಲಾದರೆ ನೋಂದಣಿ ಪತ್ರ ಹೊಸಬನ ಹೆಸರಿಗೆ ಆಗಬೇಕು. ಆ ನಿಯಮ ಬೇಕು, ತಪ್ಪಲ್ಲ. 2025ರ ಜನವರಿ 1ರಿಂದ 1934ರ ಹಳೇ ವಿಮಾನ ಕಾಯ್ದೆ ಹೋಗಿ ಭಾರತೀಯ ವಾಯುಯಾನ ಅಧಿನಿಯಮವೇ ಬಂತು. ನನ್ನ ಫೈಲಿಗೆ ಮಾತ್ರ ಒಂದು ತಾರೀಖು ಸಿಕ್ಕಿಲ್ಲ.

ವಿಮಾನ ಮಾರಿದವರು ಎಪ್ಪತ್ತು ದಾಟಿದ ಹಿರಿಯರು. ವಿಮಾನದ ಹಾರಾಟ, ರಿಪೇರಿ ಬರೆದಿಟ್ಟ ಲಾಗ್‌ಬುಕ್‌ಗಳನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು, 'ಚೆನ್ನಾಗಿ ನೋಡ್ಕೊಳ್ಳಪ್ಪ' ಅಂದಿದ್ದರು. ನಾಲ್ಕು ತಿಂಗಳಾಗುವಷ್ಟರಲ್ಲಿ ತೀರಿಹೋದರು. ಒಂಬತ್ತನೇ ತಿಂಗಳಲ್ಲಿ ವಿಮಾನ ನೋಂದಣಿ ಕಚೇರಿಯಿಂದ ಬಂದ ಮೊದಲ ಉತ್ತರ ಏನು ಗೊತ್ತಾ? ಮಾರಿದವರ ಹೊಸ ಸಹಿ ತನ್ನಿ! ಅವರು ಇಲ್ಲ ಸಾರ್ ಅಂದೆ. ಮುಖ ಎತ್ತದೆ, 'ಹಾಗಾದ್ರೆ ಮನೆಯವರದ್ದು ತನ್ನಿ' ಅಂದರು. ಮರಣ ಪ್ರಮಾಣಪತ್ರ, ವಂಶವೃಕ್ಷ ಕೇಳಿಕೊಂಡು ಆ ಮನೆಯ ಮೆಟ್ಟಿಲು ಹತ್ತುವಾಗ ನನಗೆ ಕಾಲೇ ಬರಲಿಲ್ಲ. ಆ ತಾಯಿ ಕಣ್ಣೊರೆಸಿಕೊಂಡು ಸಹಿ ಮಾಡಿಕೊಟ್ಟರು. ಅದನ್ನು ಸಲ್ಲಿಸಿ ಐದು ತಿಂಗಳಾಯಿತು. ಮತ್ತೆ ಮೌನ. ಮೊದಲ ದಿನವೇ ನೋಡಿದ್ದರೆ ಅವರೇ ಬದುಕಿದ್ದರಲ್ಲ ಸ್ವಾಮಿ!

ಅತ್ತ ನೋಂದಣಿ ಆಗದೆ, ಹಾರಿಸಲಾಗದೆ ವಿಮಾನ ಹ್ಯಾಂಗರಿನಲ್ಲಿ, ಅಂದರೆ ಅದರ ಶೆಡ್ಡಿನಲ್ಲಿ, ಹಾಳಾಗುತ್ತಿದೆ. ಇದರ ಲೈಕಮಿಂಗ್ ಕಂಪನಿಯ ಇಂಜಿನ್ನಿನಲ್ಲಿ ಕ್ಯಾಮ್‌ಶಾಫ್ಟ್, ಅಂದರೆ ವಾಲ್ವ್ ತೆರೆಸುವ ದಂಡ, ಮೇಲ್ಗಡೆ ಇರುತ್ತದೆ. ಸುಮ್ನೆ ನಿಂತರೆ ಅಲ್ಲಿನ ಎಣ್ಣೆ ಕೆಳಗಿಳಿದು, ತೇವ ಕೂತು ತುಕ್ಕು ಹಿಡಿಯುತ್ತದೆ. ನೆಲದ ಮೇಲೆ ಹತ್ತು ನಿಮಿಷ ಸ್ಟಾರ್ಟ್ ಮಾಡಿಟ್ಟರೆ ತೇವ ಇನ್ನೂ ಜಾಸ್ತಿ. ಹಾರಿಸಿದರೇ ಎಣ್ಣೆ ಸರಿಯಾಗಿ ಕಾಯುವುದು. 2000 ಗಂಟೆ ಅಥವಾ 12 ವರ್ಷಕ್ಕೆ ಇಂಜಿನ್ ಪೂರ್ತಿ ಬಿಚ್ಚಿ ಕಟ್ಟಬೇಕು ಅನ್ನುತ್ತದೆ ಕಂಪನಿ. ನನ್ನದು ಒಂದು ಗಂಟೆಯೂ ಹಾರಿಲ್ಲ, ವರ್ಷ ಮಾತ್ರ ಕಳೆಯುತ್ತಿದೆ. ಎರಡು ಮಳೆಗಾಲ ಕಂಡಿತು. ಹ್ಯಾಂಗರ್ ಬಾಡಿಗೆ ತಿಂಗಳು ತಪ್ಪದೆ ಕಟ್ಟುತ್ತಿದ್ದೇನೆ. ಮಗಳ ಕಾಲೇಜ್ ಫೀಸಿಗೆ ಈ ಸಲ ಸಾಲ ಮಾಡಿದೆ.

ನಾನು ರಿಯಾಯಿತಿ ಕೇಳುತ್ತಿಲ್ಲ. ತಪಾಸಣೆ ಬಿಡಿ ಅನ್ನುತ್ತಿಲ್ಲ, ಹತ್ತು ಸಲ ಬೇಕಾದರೂ ಮಾಡಲಿ. ಒಂದು ತಾರೀಖು ಕೊಡಲಿ. ಏನು ಕಡಿಮೆಯಿದೆ ಅಂತ ಒಂದೇ ಸಲ ಬರೆದು ಕೊಡಲಿ. ಆಗೋದಿಲ್ಲ ಅನ್ನುವುದಾದರೆ ಅದನ್ನೂ ಬರೆದು ಕೊಡಲಿ. ಹದಿನಾಲ್ಕು ತಿಂಗಳಿಗೆ ಅಷ್ಟಾದರೂ ಸಿಗಬೇಕು ಅಲ್ವಾ?

ನೀವು ವಿಮಾನಯಾನ ಸಚಿವಾಲಯಕ್ಕೆ ಒಂದು ಪತ್ರ ಬರೆದರೆ ಈ ಫೈಲು ಅಲುಗುತ್ತದೆ ಅಂತ ನನಗೆ ಗೊತ್ತು. ಅದರ ನಂಬರನ್ನು ನಿಮ್ಮ ಕಚೇರಿಗೆ ಮೂರು ಸಲ ಕೊಟ್ಟಿದ್ದೇನೆ. ಈ ಪತ್ರದ ಜೊತೆ ನಾಲ್ಕನೇ ಸಲ ಕಳಿಸುತ್ತಿದ್ದೇನೆ. ದಯವಿಟ್ಟು ತಾರೀಖು ಕೊಡಿಸಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ